ದೋನ್ ಗಾಳಿ

ಕಂಟೇನರಿನ ಬಾಗಿಲು ಮುಚ್ಚಿಕೊಂಡ ಮೇಲೆ ಆನ್ಸೆಲ್ಮೊ ಫ್ರಿಯಾಸನಿಗೆ ಮೊದಲು ಕೇಳಿಸಿದ್ದು ತನ್ನದೇ ಹೊಟ್ಟೆಯ ಗುಡುಗುಡು. ಬೆಳಿಗ್ಗೆ ಹೆಂಡತಿ ನೂರಿಸ್ ಬಡಿಸಿದ ಬಾಳೆಕಾಯಿ ಮುದ್ದೆ ಇನ್ನೂ ಕರಗಿರಲಿಲ್ಲ. ಮುದ್ದೆಯ ಜೊತೆ ಅವಳು ಬಡಿಸಿದ ಮಾತಂತೂ ಗಂಟಲಲ್ಲೇ ನಿಂತಿತ್ತು. ಇವತ್ತೊಂದು ದಿನ ನನ್ನ ತಮ್ಮನ ಜೊತೆ ಕಿತ್ತಾಡಬೇಡಿ, ಅವನು ಹೇಳಿದಷ್ಟು ತುಂಬಿಸಿ ಕಳಿಸಿಬಿಡಿ, ಎಂದಿದ್ದಳು. ತುಂಬಿಸಿ ಕಳಿಸಿಬಿಡಬೇಕಂತೆ. ಕೋಕೋ ಬೀಜವೆಂದರೆ ಇವಳಿಗೆ ದಿಂಬಿಗೆ ತುರುಕುವ ಹತ್ತಿ. ಕಬ್ಬಿಣದ ಕತ್ತಲೆಯಲ್ಲಿ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಂತು, ಅವನು ಕಣ್ಣು ಪಳಗುವುದನ್ನು ಕಾಯತೊಡಗಿದ. ಖಾಲಿ ಕಂಟೇನರ್ ಬಂದಾಗಲೆಲ್ಲ ಒಬ್ಬರು ಹೀಗೆ ಒಳಗೆ ಹೋಗಿ, ಹೊರಗಿನಿಂದ ಬಾಗಿಲು ಹಾಕಿಸಿಕೊಂಡು, ಎಲ್ಲಾದರೂ ಬೆಳಕು ನುಸುಳುತ್ತದೆಯೇ ಎಂದು ನೋಡಬೇಕು. ಬೆಳಕು ಬರುವ ಕಡೆ ಮಳೆಯ ನೀರೂ ಬರುತ್ತದೆ, ಸಮುದ್ರದ ನೀರೂ ಬರುತ್ತದೆ. ಬೇರೆ ಕಡೆ ಈ ಕೆಲಸವನ್ನು ಸೀನು ಬಂದು ಹೋಗುವಷ್ಟರಲ್ಲಿ ಮುಗಿಸುತ್ತಾರೆ. ಆನ್ಸೆಲ್ಮೊ ಹಾಗಲ್ಲ. ಕೋಕೋ ಬೆಳೆಗಾರರ ಸಹಕಾರ ಸಂಘದಲ್ಲಿ ಈ ಕೆಲಸ ತನ್ನದು, ತನ್ನೊಬ್ಬನದು ಎಂದು ಅವನು ಎಷ್ಟೋ ವರ್ಷಗಳಿಂದ ಹಿಡಿದುಕೊಂಡಿದ್ದ. ನಿಜ ಹೇಳಬೇಕೆಂದರೆ, ಯಾವ ಪೆದ್ದನ ಮುಖವೂ ಕಣ್ಣಿಗೆ ಬೀಳದ ಜಾಗ ಮಕೊರೀಸ್ ಸೀಮೆಯಲ್ಲೆಲ್ಲ ಅವನಿಗೆ ಸಿಕ್ಕಿದ್ದು ಇದೊಂದೇ.

ಪೆದ್ದರಲ್ಲಿ ಮೊದಲನೆಯವನು ರಾದಾಮೆಸ್. ನೂರಿಸಳ ತಮ್ಮ, ಸಂಘದ ಕಾರ್ಯದರ್ಶಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಅವುಗಳಲ್ಲಿ ಒಂದರಿಂದಲೂ ಏನೂ ಬರೆಯದೆ ಓಡಾಡುವ ಮನುಷ್ಯ. ಕಂಟೇನರಿನ ಇಡೀ ಡಬ್ಬಕ್ಕೆ ಬಾಡಿಗೆ ಕೊಟ್ಟ ಮೇಲೆ ಅದರ ಮೂಲೆಮೂಲೆಯನ್ನೂ ತುಂಬಬೇಕು ಎನ್ನುವುದು ಅವನ ವೇದಾಂತ. ಚಾವಣಿ ಮುಟ್ಟುವವರೆಗೆ ಮೂಟೆ, ಗೋಡೆಗೆ ಅಂಟುವವರೆಗೆ ಮೂಟೆ. ಇಲ್ಲದಿದ್ದರೆ ನಾವು ಹ್ಯಾಂಬರ್ಗಿಗೆ ಗಾಳಿ ಕಳಿಸಿದ ಹಾಗೆ ಆಗುತ್ತದೆ ಭಾವ, ಎಂದು ಪ್ರತಿ ವರ್ಷವೂ ಅದೇ ನಗೆಯನ್ನು ನಕ್ಕು ಹೇಳುತ್ತಾನೆ. ಆನ್ಸೆಲ್ಮೊ ಪ್ರತಿ ವರ್ಷವೂ ಅವನಿಗೆ ಬಿಡಿಸಿ ಹೇಳಿದ್ದಾನೆ, ಮಗುವಿಗೆ ಹೇಳುವ ಹಾಗೆ. ಬೀಜ ಒಣಗಿದ್ದರೂ ಅದರೊಳಗೆ ಉಸಿರಿರುತ್ತದೆ. ಹಡಗು ಈ ದ್ವೀಪ ಬಿಟ್ಟು ಚಳಿಯ ಕಡೆಗೆ ಹೋದ ಹಾಗೆ ಚಾವಣಿಯ ಕಬ್ಬಿಣ ತಣ್ಣಗಾಗುತ್ತದೆ. ಮೂಟೆಯ ಉಸಿರು ಮೇಲೇರಿ ಕಬ್ಬಿಣ ಮುಟ್ಟಿ ನೀರಾಗುತ್ತದೆ. ನೀರು ತೊಟ್ಟಿಕ್ಕುತ್ತದೆ. ಮೋಡವಿಲ್ಲದೆ, ಮುಚ್ಚಿದ ಡಬ್ಬದ ಒಳಗೇ ಮಳೆ. ಅದಕ್ಕೇ ಗೋಡೆಗೆ ದಪ್ಪ ರಟ್ಟು, ನೆಲಕ್ಕೆ ಹಲಗೆ, ಚಾವಣಿಯಿಂದ ನೇತುಬಿಟ್ಟ ತೇವ ಹೀರುವ ಪೊಟ್ಟಣ, ಮೂಟೆಗೂ ಗೋಡೆಗೂ ನಡುವೆ ಒಂದು ಗೇಣು, ಮೇಲೆ ಒಬ್ಬ ಮನುಷ್ಯ ತೆವಳಿ ಹೋಗುವಷ್ಟು ಜಾಗ. ಹಾಗಂತ ಜಾಗ ಜಾಸ್ತಿಯಾದರೂ ಕೆಟ್ಟಿತು: ಹಡಗು ವಾಲಿದಾಗ ಮೂಟೆಗಳು ಉರುಳಿ, ಕುಡುಕರ ಹಾಗೆ ಗೋಡೆಗೆ ಒರಗಿಕೊಳ್ಳುತ್ತವೆ. ಎಷ್ಟು ತುಂಬಬೇಕು, ಎಷ್ಟು ಬಿಡಬೇಕು ಎನ್ನುವುದು ಕಣ್ಣಿನಳತೆಗೆ ಗೊತ್ತಾಗಬೇಕು, ಪೆನ್ನಿಗಲ್ಲ. ಇದನ್ನೆಲ್ಲ ಸಭೆಯಲ್ಲಿ ಎದ್ದು ನಿಂತು ವಿವರಿಸಿದ್ದಕ್ಕೆ ಸಿಕ್ಕ ಬಹುಮಾನವೆಂದರೆ, ದೊಡ್ಡವರಿಗೆ ಹಚ್ಚುವ ‘ದೋನ್’ ಸೇರಿಸಿದ ಒಂದು ಅಡ್ಡಹೆಸರು. ದೋನ್ ಗಾಳಿ. ಅಂಗಡಿಯಲ್ಲಿ, ಡಾಮಿನೊ ಆಡುವ ಮೇಜಿನಲ್ಲಿ, ಒಮ್ಮೆ ಚರ್ಚಿನ ಮೆಟ್ಟಿಲ ಮೇಲೂ ಅದು ಅವನ ಬೆನ್ನ ಹಿಂದಿನಿಂದ ಕೇಳಿಸಿತ್ತು. ಗಾಳಿ ಬಿಡದೆ ತುಂಬಿದ ಮೂಟೆಯ ಹಾಗೆ ಇವರ ತಲೆ ಒಳಗೊಳಗೇ ಕೊಳೆತಿದೆ ಎಂದುಕೊಂಡು ಅವನು ಅದನ್ನು ನುಂಗಿದ್ದ.

ಕತ್ತಲೆ ಗಟ್ಟಿಯಾಗಿತ್ತು. ಹಳೆಯ ಸರಕಿನ ವಾಸನೆ ನೆಲದ ಹಲಗೆಯಿಂದ ಏಳುತ್ತಿತ್ತು, ಕಾಫಿಯೋ, ರಬ್ಬರೋ. ಎಡಗಡೆಯಿಂದ ಶುರುಮಾಡಿ ಒಂದೊಂದೇ ಮೂಲೆ, ಒಂದೊಂದೇ ಬೆಸುಗೆಯ ಮೇಲೆ ಅವನು ಕಣ್ಣಾಡಿಸಿದ. ಏನೂ ಇಲ್ಲ. ಹೋದ ವರ್ಷವೂ ಹೀಗೇ ಏನೂ ಇರಲಿಲ್ಲ. ಸೂಜಿಮೊನೆಯಷ್ಟೂ ಬೆಳಕಿರಲಿಲ್ಲ ಎಂದು ಎದೆ ತಟ್ಟಿ ಹೇಳಿದ್ದ, ಸಂಘದ ಗೋದಾಮಿನಲ್ಲಿ, ಸಭೆ ಸೇರಿದ್ದ ಎಲ್ಲರೆದುರು. ಹ್ಯಾಂಬರ್ಗಿನ ಖರೀದಿದಾರ ಕಳಿಸಿದ ಚಿತ್ರಗಳನ್ನು ರಾದಾಮೆಸ್ ಕೈಯಿಂದ ಕೈಗೆ ದಾಟಿಸಿದ್ದ: ಮೇಲಿನ ಸಾಲಿನ ಮೂಟೆಗಳು ಕಪ್ಪಾಗಿ, ಬೂಷ್ಟು ಹಿಡಿದು, ಗಡ್ಡ ಬಂದ ಹಾಗೆ ಕಾಣುತ್ತಿದ್ದವು. ಇನ್ನೊಂದು ಸಲ ಹೀಗಾದರೆ ನಮ್ಮ ನಿಮ್ಮ ವ್ಯವಹಾರ ಮುಗಿಯಿತು ಎಂದು ಆತ ತಿಳಿಸಿದ್ದ. ಮುಗಿಯಿತು ಎಂದರೆ ಕಣಿವೆಯ ಅಷ್ಟೂ ಮನೆಗಳ ಬೀಜ ಮತ್ತೆ ರಸ್ತೆ ಬದಿಯ ದಲ್ಲಾಳಿಗಳ ಪಾಲು. ಡಬ್ಬದಲ್ಲಿ ತೂತಿತ್ತೇನೋ ಎಂದು ರಾದಾಮೆಸ್ ಎಳೆದೆಳೆದು ಹೇಳಿದಾಗ ಎಲ್ಲರ ಕಣ್ಣೂ ಆನ್ಸೆಲ್ಮೊನ ಮೇಲೆ ಬಿದ್ದಿತ್ತು. ಅವನು ಎದ್ದು ನಿಂತು ತರ್ಕ ಹೂಡಿದ್ದ. ತೂತಿರಲಿಲ್ಲ, ಆದ್ದರಿಂದ ನೀರು ಹೊರಗಿನದಲ್ಲ. ಹೊರಗಿನದಲ್ಲ, ಆದ್ದರಿಂದ ಯಾರೋ ಸರಿಯಾಗಿ ಒಣಗಿಸದ ಬೀಜ ತಂದು ಸುರಿದಿದ್ದಾರೆ. ಮೇಲಿನ ಸಾಲಿನ ಮೂಟೆಗಳು ಯಾರವು? ಕಡೆಗೆ ಬಂದು ಕಡೆಗೆ ಏರಿದ್ದು ಲಾಂತಿಗ್ವಾನವು. ಯುಸೆಬಿಯೊ ಲಾಂತಿಗ್ವಾ ಹಿಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಹೊಸ ಮೂಟೆಯೊಂದು ಅಲ್ಲೇ ತೂಕಕ್ಕೆ ಕಾದು ನಿಂತಿತ್ತು. ಆನ್ಸೆಲ್ಮೊ ಅದರಿಂದ ಒಂದು ಬೀಜ ತೆಗೆದು, ಉಗುರಿನಿಂದ ಸೀಳಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ‘ಇದು ಕೋಕೋ ಅಲ್ಲ, ಜೇಡಿಮಣ್ಣು’ ಎಂದಿದ್ದ. ಚೆನ್ನಾಗಿ ನಕ್ಕಿದ್ದರು. ತನ್ನ ಮಾತಿಗೆ, ತನ್ನನ್ನು ನೋಡಿಯಲ್ಲ, ಜನ ನಕ್ಕದ್ದು ಅದೇ ಮೊದಲು. ಆ ನಗೆಯ ಬಿಸುಪು ಅವನಿಗೆ ಬಹಳ ದಿನ ಇತ್ತು. ಲಾಂತಿಗ್ವಾ ಹೇಳಿದ್ದು ಒಂದೇ ಮಾತು: ‘ನಾನು ಒಣಗಿಸಿದ್ದೆ, ದೋನ್ ಆನ್ಸೆಲ್ಮೊ.’

ಒಣಗಿಸಿದ್ದನಂತೆ. ಆವತ್ತಿನಿಂದ ಸಂಘದ ತಕ್ಕಡಿ ಅವನ ಬೀಜವನ್ನು ಮುಟ್ಟುವುದಿಲ್ಲ. ಒಣಗಿಸದೆ, ಹಸಿಯಾಗಿಯೇ, ದಲ್ಲಾಳಿ ಎಸೆದ ಬೆಲೆಗೆ ಮಾರುತ್ತಾನೆ. ಕಂಟೇನರ್ ಬರುವ ದಿನ ಇಲ್ಲಿಗೆ ಕೂಲಿಗೆ ಬಂದು, ಬೇರೆಯವರ ಬೀಜವನ್ನು ಹೆಗಲ ಮೇಲೆ ಹೊರುತ್ತಾನೆ. ಅವನ ಅಂಗಳದಲ್ಲಿ ಕೋಕೋ ಒಣಹಾಕುವ ಹಲಗೆಯ ಅಟ್ಟವಿದೆ, ಮಳೆ ಬಂದರೆ ಎಳೆದು ಮುಚ್ಚಲು ಗಾಲಿಯ ಮೇಲೆ ಜಾರುವ ತಗಡಿನ ಮಾಡು. ಈಗ ಅದರ ಮೇಲೆ ಅವನ ಹೆಂಡತಿ ಬಟ್ಟೆ ಒಣಹಾಕುತ್ತಾಳೆ, ಕೋಳಿಗಳು ಕೂರುತ್ತವೆ. ಮೋಟರ್‌ಬೈಕಿನಲ್ಲಿ ಆ ದಾರಿಯಾಗಿ ಹೋಗುವಾಗ ಆನ್ಸೆಲ್ಮೊ ಬಟ್ಟೆಗಳ ಕಡೆ ಒಮ್ಮೆ ನೋಡಿ, ಇವರು ಚಾದರವನ್ನೂ ನೆಟ್ಟಗೆ ಒಣಗಿಸಲಾರರು ಎಂದುಕೊಳ್ಳುತ್ತಿದ್ದ. ಹಾಗೆಂದುಕೊಂಡರೆ ದಾರಿ ಬೇಗ ಸಾಗುತ್ತಿತ್ತು. ಇವತ್ತು ಹೊರಗೆ ನಿಂತು ಈ ಡಬ್ಬದ ಬಾಗಿಲು ಹಾಕಿದವನೂ ಅವನೇ. ‘ಹಾಕಲಾ?’ ಎಂದು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಹಾಕಿದ್ದ. ಆ ವಿನಯವೇ ಆನ್ಸೆಲ್ಮೊಗೆ ಆಗಿಬರುತ್ತಿರಲಿಲ್ಲ. ಬೈದರೆ ತಿರುಗಿ ಬೈಯಬಹುದು. ಹೀಗೆ ಮರ್ಯಾದೆ ಕೊಡುವವನನ್ನು ಏನು ಮಾಡುವುದು?

ಕಬ್ಬಿಣದ ಆಚೆಯಿಂದ ಮಾತು ಕೇಳಿಸುತ್ತಿತ್ತು. ಒಳಗಿದ್ದವನಿಗೆ ಕಿವಿಯಿದೆ ಎನ್ನುವುದನ್ನು ಇವರು ಯಾವಾಗಲೂ ಮರೆಯುತ್ತಾರೆ. ದೋನ್ ಗಾಳಿ ಒಳಗೆ ಗಾಳಿ ಎಣಿಸ್ತಾ ಇದಾರೆ, ಎಣಿಸಿ ಮುಗಿಯೋ ಹೊತ್ತಿಗೆ ನಮ್ಮ ಊಟದ ಹೊತ್ತು ಮೀರಿರುತ್ತೆ, ಎಂದದ್ದು ಪಿಂಟೊ, ಹಮಾಲರಲ್ಲಿ ಎಲ್ಲರಿಗಿಂತ ದಪ್ಪ, ಎಲ್ಲರಿಗಿಂತ ಸೋಮಾರಿ. ರಾದಾಮೆಸ್ ದನಿ ತಗ್ಗಿಸಿ, ಭಾವ ಊಟಕ್ಕೆ ಹೋದ ತಕ್ಷಣ ಮೇಲೆ ಇನ್ನೊಂದು ಸಾಲು ಏರಿಸಿಬಿಡಿ, ಆಮೇಲೆ ಬಾಗಿಲು ಹಾಕಿ ಸೀಲು ಒತ್ತಿದರೆ ಯಾರು ನೋಡುತ್ತಾರೆ, ಎಂದ. ಲಾರಿ ಚಾಲಕ ರೇಡಿಯೊ ಜೋರು ಮಾಡಿದ. ಬೇಗ ಆಗಲಿ, ಸಂಜೆಯೊಳಗೆ ಬಂದರು ಮುಟ್ಟದಿದ್ದರೆ ಹಡಗು ಹೋಗಿಬಿಡುತ್ತೆ, ಎಂದು ಯಾರೋ ಗೊಣಗಿದರು. ಆಗ ಲಾಂತಿಗ್ವಾನ ದನಿ: ಅವರು ನೋಡಲಿ ಬಿಡಿ, ನೋಡೋ ಕೆಲಸ ನಿಧಾನವಾಗಿಯೇ ಆಗಬೇಕು. ಆನ್ಸೆಲ್ಮೊನ ಮುಖ ಕತ್ತಲೆಯಲ್ಲಿ ಬಿಸಿಯಾಯಿತು. ಪಿಂಟೊನ ಅಣಕವನ್ನು ಅವನು ಉಗಿದು ಮರೆಯಬಲ್ಲ. ಭಾವಮೈದನ ಕಳ್ಳಾಟ ಅವನಿಗೆ ಹೊಸದಲ್ಲ. ಆದರೆ ಇವನು, ಜೇಡಿಮಣ್ಣಿನವನು, ತನ್ನ ಪರವಾಗಿ ಮಾತಾಡುವುದೆಂದರೆ ಏನು? ಯಾರು ಕೇಳಿದರು ಇವನ ಕರುಣೆಯನ್ನು? ಸಾಕು, ಬಾಗಿಲು ತೆಗೆಸೋಣ, ಡಬ್ಬ ಸರಿಯಿದೆ ಎಂದು ತಟ್ಟಲು ಅವನು ಕೈ ಎತ್ತಿದ.

‘ಅಬ್ಬ, ಬಿಸಿಲು ಬಂತಪ್ಪ,’ ಎಂದ ಹೊರಗೆ ಚಾಲಕ.

ಆ ಕ್ಷಣಕ್ಕೇ ಅದು ಕಾಣಿಸಿತು. ಬಲಗಡೆ, ಚಾವಣಿಯೂ ಗೋಡೆಯೂ ಕೂಡುವ ಕಡೆ, ಬಣ್ಣ ಬಳಿದ ತೇಪೆಯ ಅಂಚಿನಲ್ಲಿ, ಒಂದು ಬೆಳಕಿನ ದಾರ. ಓರೆಯಾಗಿ ಇಳಿದು ಬಂದು ಅವನ ಅಂಗಿಯ ಮೇಲೆ ತೊಗರಿಕಾಳಿನಷ್ಟು ದೊಡ್ಡದಾಗಿ ಕೂತಿತು. ಅವನು ಪಕ್ಕಕ್ಕೆ ಸರಿದ. ಅದು ನೆಲದ ಮೇಲೆ ಬಿತ್ತು. ಅಂಗೈ ಒಡ್ಡಿದ, ಅಂಗೈಗೆ ಬಂತು. ಒಳ್ಳೆಯದೇ ಆಯಿತು, ಸಿಕ್ಕಿತಲ್ಲ, ಎಂದು ಮೊದಲು ಅನ್ನಿಸಿತು. ಕೆಲಸ ಬಲ್ಲವನ ಸಂತೋಷ. ಅದರ ಹಿಂದೆಯೇ ಇನ್ನೊಂದು ಬಂತು. ಇಷ್ಟು ಹೊತ್ತು ಇದೇ ಮೂಲೆಯನ್ನು ನೋಡಿದ್ದೆನಲ್ಲ. ಏನೂ ಇರಲಿಲ್ಲವಲ್ಲ. ತೂತು ಈಗ ಹುಟ್ಟಿದ್ದಲ್ಲ, ಹೊರಗೆ ಬಿಸಿಲು ಈಗ ಹುಟ್ಟಿತು. ಅಂಗೈಯನ್ನು ಹಾಗೇ ಒಡ್ಡಿಕೊಂಡು ನಿಂತವನಿಗೆ ಹೋದ ವರ್ಷದ ಆ ದಿನ, ಕರೆಯದೆ, ಪೂರ್ತಿಯಾಗಿ ನೆನಪಾಯಿತು. ಚಂಡಮಾರುತ ಬರುತ್ತದೆಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಅದು ಬರುವ ಮೊದಲು ಡಬ್ಬ ಬಂದರು ಸೇರಬೇಕೆಂದು ಎಲ್ಲರೂ ಓಡಾಡುತ್ತಿದ್ದರು. ಆಕಾಶ ಮಸಿ ಹಿಡಿದ ಬಾಣಲೆಯ ತಳದ ಹಾಗಿತ್ತು. ಮಧ್ಯಾಹ್ನವೇ ಗೋದಾಮಿನಲ್ಲಿ ದೀಪ ಹಾಕಿದ್ದರು. ಆಗ ಅವನು ಒಳಗೆ ಹೋಗಿ, ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಂತು, ಎಂಥ ಒಳ್ಳೆಯ ಕತ್ತಲೆ ಎಂದು ಹೆಮ್ಮೆಪಟ್ಟಿದ್ದ. ಆ ಕತ್ತಲೆ ಡಬ್ಬದ್ದಾಗಿರಲಿಲ್ಲ, ಆಕಾಶದ್ದಾಗಿತ್ತು.

ಇಲ್ಲ, ಎಂದ ಅವನು, ಗಟ್ಟಿಯಾಗಿಯೇ. ಕಬ್ಬಿಣ ಅದನ್ನು ಅವನಿಗೇ ಹಿಂತಿರುಗಿಸಿತು. ಆ ಡಬ್ಬದಲ್ಲಿ ತೂತಿತ್ತೆಂದು ಯಾರು ಹೇಳಬಲ್ಲರು? ಅದು ಈಗ ಯಾವ ಸಮುದ್ರದಲ್ಲಿ ಯಾರ ಕುರ್ಚಿ ಮೇಜು ಹೊತ್ತು ಹೋಗುತ್ತಿದೆಯೋ. ನೀರು ಒಳಗಿನದೇ ಇರಬಹುದು. ಲಾಂತಿಗ್ವಾನ ಬೀಜ ನಿಜಕ್ಕೂ ಹಸಿಯಿದ್ದಿರಬಹುದು. ಇದ್ದಿರಬಹುದು. ಒಂದು ವರ್ಷ ಪೂರ್ತಿ ಅವನ ಬಾಯಲ್ಲಿ ಈ ‘ಬಹುದು’ ಒಂದು ಸಲವೂ ಬಂದಿರಲಿಲ್ಲ. ಯಾರಿಗೂ ಎಂದೆಂದಿಗೂ ಗೊತ್ತಾಗದು ಎನ್ನುವುದು ಸಮಾಧಾನ ಎಂದುಕೊಂಡ. ಸಮಾಧಾನವಾಗಲಿಲ್ಲ. ಸಭೆಯಲ್ಲಿ ಸೀಳಿದ ಆ ಬೀಜದ ಒಳಗು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅವನು ಅದನ್ನು ನೋಡಿಯೇ ಇರಲಿಲ್ಲ. ಜನರ ಮುಖ ನೋಡುತ್ತಿದ್ದ. ಅಂಗೈ ಮೇಲಿನ ಬೆಳಕು ಒಮ್ಮೆ ಮಸುಕಾಗಿ ಮತ್ತೆ ಬಂತು. ಈ ತೂತಿನ ವಿಷಯ ಹೇಳದೆ ಹೊರಗೆ ಹೋದರೆ ಬೀಜ ಮತ್ತೆ ಕಪ್ಪಾಗುತ್ತದೆ, ಖರೀದಿದಾರ ಹೋಗುತ್ತಾನೆ, ಕಣಿವೆ ಕೆಡುತ್ತದೆ. ಅಷ್ಟು ನೀಚ ತಾನಲ್ಲ. ತೂತಿದೆ ಎಂದು ಹೇಳೋಣ, ಈ ಡಬ್ಬದ್ದು ಮಾತ್ರ. ಹೋದ ವರ್ಷದ್ದನ್ನು ಯಾರು ಕೇಳಿದರು? ಅವನು ಬಾಗಿಲು ತಟ್ಟಿದ.

ಲಾಂತಿಗ್ವಾ ಬಾಗಿಲು ತೆರೆದ. ಬೆಳಕಿಗೆ ಕಣ್ಣು ಕುಕ್ಕಿ ಆನ್ಸೆಲ್ಮೊಗೆ ಅವನ ಮುಖ ಕಾಣಲಿಲ್ಲ. ಕಾಣದಿದ್ದದ್ದು ಒಳ್ಳೆಯದೇ ಆಯಿತು. ಅವನನ್ನು ದಾಟಿ, ಹತ್ತಿಳಿಯಲು ಡಬ್ಬಕ್ಕೆ ಆನಿಸಿದ್ದ ಹಲಗೆಯ ಮೇಲಿಂದ ಇಳಿದು ಬಂದು, ತೂತಿದೆ, ಬೇರೆ ಡಬ್ಬ ತರಿಸು, ಎಂದು ರಾದಾಮೆಸ್‌ಗೆ ಹೇಳಿದ. ಹಮಾಲರು ಮುಖ ಮುಖ ನೋಡಿಕೊಂಡರು. ರಾದಾಮೆಸ್ ಪೆನ್ನುಗಳನ್ನು ಮುಟ್ಟಿ ನೋಡಿಕೊಂಡು, ಹಡಗು ಇವತ್ತು ತಪ್ಪಿದರೆ ಮುಂದಿನದು ಯಾವಾಗಲೋ ಎಂದ. ಬರೀ ಹೇಳಿದರೆ ಆಯಿತೇ, ನಾನೇ ನೋಡುತ್ತೇನೆ ಎಂದು ಇಸ್ತ್ರಿ ಕೆಡದ ಹಾಗೆ ಎಚ್ಚರದಿಂದ ಒಳಗೆ ಹತ್ತಿದ. ಅವನು ಒಳಗೆ ಹೋಗಿ ಬಾಗಿಲು ಮುಚ್ಚುವುದಕ್ಕೂ ಬೆಟ್ಟದ ಕಡೆಯಿಂದ ಮೋಡವೊಂದು ಬಂದು ಸೂರ್ಯನ ಮೇಲೆ ಕೂರುವುದಕ್ಕೂ ಸರಿಹೋಯಿತು. ಅಂಗಳದ ನೆರಳೆಲ್ಲ ಅಳಿಸಿಹೋಯಿತು. ಆನ್ಸೆಲ್ಮೊ ತಲೆಯೆತ್ತಿ ನೋಡಿ, ತಲೆ ತಗ್ಗಿಸಿದ. ಇನ್ನೇನಾಗುತ್ತದೆಂದು ಅವನಿಗೆ ಗೊತ್ತಾಗಿಹೋಯಿತು. ಪಿಂಟೊ ಮೂಟೆ ತರಲು ಉಳಿದವರಿಗೆ ಸನ್ನೆ ಮಾಡಿದ. ಲಾಂತಿಗ್ವಾ ಗೋದಾಮಿಗೆ ಹೋಗಿ ಮೊದಲನೆಯ ಮೂಟೆ ಹೊತ್ತು ಬಂದು, ಹಲಗೆಯ ಬುಡದಲ್ಲಿ ಕಾದು ನಿಂತ.

‘ಏನೂ ಇಲ್ಲ ಭಾವ,’ ಎನ್ನುತ್ತ ಹೊರಬಂದ ರಾದಾಮೆಸ್. ‘ಒಳಗೆ ಅಮಾವಾಸ್ಯೆ.’

ಸ್ವಲ್ಪ ತಾಳು, ಇನ್ನೊಂದು ಸಲ ನೋಡೋಣ, ಎಂದ ಆನ್ಸೆಲ್ಮೊ. ದನಿ ತನ್ನದಲ್ಲ ಎನ್ನಿಸಿತು, ಅದರಲ್ಲಿ ಬೇಡುವಿಕೆಯಿತ್ತು.

‘ಈಗಿಲ್ಲದ ತೂತು ಇನ್ನು ಸ್ವಲ್ಪ ಹೊತ್ತಿಗೆ ಹುಟ್ಟುತ್ತಾ? ಮೇಲೆ ಜಾಗ ಬಿಡಲ್ಲ ಅಂತ ನಾನು ಅಂದಿದ್ದು ನಿಮ್ಮ ಕಿವಿಗೆ ಬಿದ್ದಿರಬೇಕು. ಅದಕ್ಕೆ ಡಬ್ಬವೇ ಬೇಡ ಅಂತೀರಿ. ಅಕ್ಕ ಹೇಳಿದ್ದು ಸರಿ, ವಯಸ್ಸಾಯ್ತು ನಿಮಗೆ.’

‘ದೋನ್ ಗಾಳಿ ಈಗ ಬೆಳಕೂ ಮಾರ್ತಾರೆ,’ ಎಂದ ಪಿಂಟೊ.

ನಗೆ ಅಂಗಳದ ತುಂಬ ಹರಡಿತು, ಚಾಲಕನೂ ನಕ್ಕ. ಆ ನಗೆಯ ನಡುವೆ ನಿಂತ ರಾದಾಮೆಸ್‌ನ ಮುಖ, ಆ ತೃಪ್ತಿ, ಆ ಪೆನ್ನುಗಳು ಆನ್ಸೆಲ್ಮೊನ ಕಣ್ಣಿಗೆ ಬಿದ್ದವು. ಎಷ್ಟೋ ವರ್ಷಗಳಿಂದ ಅವನನ್ನು ಎತ್ತಿ ನಿಲ್ಲಿಸಿದ್ದ ತಿರಸ್ಕಾರ ಎಲ್ಲಿತ್ತೋ ಅಲ್ಲಿಂದ ಎದ್ದು, ಅವನು ಬಾಯಿ ಮುಚ್ಚಿಕೊಳ್ಳುವ ಮೊದಲೇ ನಾಲಗೆಯ ಮೇಲೆ ಬಂತು.

‘ಮೋಡ ಕವಿದಾಗ ಒಳಗೆ ಹೋಗಿ ನಿಂತರೆ ಏನಯ್ಯ ಕಾಣುತ್ತೆ, ಕತ್ತೆ? ಒಳಗೆ ಬೆಳಕು ಬೀಳಬೇಕಾದರೆ ಹೊರಗೆ ಬೆಳಕಿರಬೇಕು. ಅಷ್ಟು ಕುರಿಗೂ ಗೊತ್ತಾಗುತ್ತೆ.’

ಹೇಳಿ ಮುಗಿಸಿದ ಮೇಲೆ ಅದು ಅವನಿಗೇ ಕೇಳಿಸಿತು. ರಾದಾಮೆಸ್‌ಗೆ ಇನ್ನೂ ಏನೂ ಹೊಳೆದಿರಲಿಲ್ಲ. ಅವನು ಕತ್ತೆ ಎನ್ನುವ ಪದದಲ್ಲೇ ಸಿಕ್ಕಿಕೊಂಡಿದ್ದ. ಪಿಂಟೊ ಆಕಾಶ ನೋಡಿದ. ಚಾಲಕ ರೇಡಿಯೊ ಆರಿಸಿದ. ಹಲಗೆಯ ಬುಡದಲ್ಲಿ ಲಾಂತಿಗ್ವಾ ಮೊಣಕಾಲು ಬಗ್ಗಿಸಿ ಮೂಟೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ. ಅವಸರವಿಲ್ಲದೆ ಹೆಗಲ ಮೇಲಿನ ಗೋಣಿ ತೆಗೆದು ನಾಲ್ಕಾಗಿ ಮಡಿಸಿದ.

‘ಹೋದ ವರ್ಷ ನೀವು ನೋಡಿದ ದಿನ,’ ಎಂದ, ‘ಮೋಡ ಇತ್ತಲ್ಲ, ದೋನ್ ಆನ್ಸೆಲ್ಮೊ?’

ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಮಳೆ ಬರುತ್ತಾ ಎಂದು ಕೇಳುವ ಹಾಗೆ ಕೇಳಿದ್ದ. ಇಲ್ಲ, ಹಾಗೇನಿರಲಿಲ್ಲ, ನನಗೆ ನೆನಪಿಲ್ಲ, ನಿನ್ನ ಬೀಜ ಹಸಿಯಿತ್ತು — ಎಲ್ಲವೂ ಸಾಲಾಗಿ ಬಂದು ಆನ್ಸೆಲ್ಮೊನ ತುಟಿಯ ಹಿಂದೆ ನಿಂತವು. ಇಲ್ಲಿದ್ದ ಎಲ್ಲರಿಗೂ ಆ ದಿನದ ಚಂಡಮಾರುತ ನೆನಪಿತ್ತು. ಅವರವರ ಮನೆಯ ತಗಡು ಹಾರಿಹೋದದ್ದು ಅದೇ ರಾತ್ರಿ.

‘ಇತ್ತು,’ ಎಂದ ಆನ್ಸೆಲ್ಮೊ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ರಾದಾಮೆಸ್‌ಗೆ ಈಗ ಹೊಳೆಯಿತು. ಭಾವನ ಕಡೆಗೊಮ್ಮೆ ಲಾಂತಿಗ್ವಾನ ಕಡೆಗೊಮ್ಮೆ ನೋಡಿ, ಫೋನು ತೆಗೆದುಕೊಂಡು ಗೇಟಿನ ಕಡೆ ನಡೆದ. ಬೇರೆ ಡಬ್ಬ ಬೇಕು, ಇದು ಬೇಡ, ತೂತಿದೆ, ಎಂದು ಅವನು ಬಂದರಿನವರಿಗೆ ಹೇಳುವುದು ಅಲ್ಲಿಂದ ಕೇಳಿಸಿತು. ಲಾಂತಿಗ್ವಾ ಟೋಪಿ ಸರಿಮಾಡಿಕೊಂಡು, ಅಂಗಳ ದಾಟಿ, ಗೋದಾಮಿನ ಬಾಗಿಲ ಪಕ್ಕದ ಸೂರಿನಡಿಗೆ ಹೋದ. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಿತ್ತು, ಮುರಿದ ಕಾಲಿಗೆ ತಂತಿ ಸುತ್ತಿದ್ದು. ಆನ್ಸೆಲ್ಮೊನ ಕುರ್ಚಿ, ಮೂಟೆ ಏರುವ ದಿನ ಅವನು ಕೂತು ಕೈ ತೋರಿಸುವ ಕುರ್ಚಿ. ಕಾರ್ಯದರ್ಶಿಯೂ ಅದರಲ್ಲಿ ಕೂರುತ್ತಿರಲಿಲ್ಲ. ಲಾಂತಿಗ್ವಾ ಅದರಲ್ಲಿ ಕೂತು, ಮಡಿಸಿದ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡ.

ಬೆಟ್ಟದ ಮೇಲೆ ಮಳೆ ಕಾಣುತ್ತಿತ್ತು. ಹಲಗೆಯ ಬುಡದಲ್ಲಿ ಮೂಟೆ ಒಂಟಿಯಾಗಿ ಕೂತಿತ್ತು. ಅದನ್ನು ಒಳಗೆ ತೆಗೆದುಕೊಂಡು ಹೋಗಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಪಿಂಟೊ ತನ್ನ ಬೂಟಿನ ದಾರ ನೋಡಿಕೊಳ್ಳುತ್ತಿದ್ದ. ಆನ್ಸೆಲ್ಮೊ ಹೋಗಿ ಮೂಟೆಯ ಎರಡು ಕಿವಿ ಹಿಡಿದ. ಎತ್ತಲು ಆಗಲಿಲ್ಲ. ಎಳೆದ. ಇಡೀ ಅಂಗಳದುದ್ದಕ್ಕೂ, ಬಗ್ಗಿ, ಹಿಮ್ಮುಖವಾಗಿ, ಎಲ್ಲರೂ ನೋಡುತ್ತಿದ್ದಂತೆ ಎಳೆದ. ಒಳಗೆ ಬೀಜ ಗಲಗಲ ಎನ್ನುತ್ತಿತ್ತು, ಚೆನ್ನಾಗಿ ಒಣಗಿದ ಸದ್ದು. ಯಾರ ಬೀಜವೋ ಎಂದು ಅವನಿಗೆ ಗೊತ್ತಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಹಾದು ಹೋಗುವಾಗ ತಲೆ ಎತ್ತಲಿಲ್ಲ. ಗೋದಾಮಿನ ಒಳಗೆ ತಂದು, ಉಸಿರು ಕಟ್ಟಿ, ಮೂಟೆಯನ್ನು ಗೋಡೆಗೆ ಒರಗಿಸಿ ನಿಂತ.

‘ಗೋಡೆಗೆ ತಾಗಿಸಬೇಡಿ, ದೋನ್ ಆನ್ಸೆಲ್ಮೊ,’ ಎಂದ ಲಾಂತಿಗ್ವಾ ಹೊರಗಿನಿಂದ, ತಿರುಗಿ ನೋಡದೆ. ‘ಗಾಳಿ ಬಿಡಿ.’

ಆನ್ಸೆಲ್ಮೊ ಮತ್ತೆ ಬಗ್ಗಿ, ಮೂಟೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ.